ಒಡಪೂ ಅಂಕಿತವೂ

ತಾವರಗೇರಾ ಸೀಮೆಯಲ್ಲಿ ಮದುವೆಯ ಮನೆಯೆಂದರೆ ಅಲ್ಲಿ ಒಡಪು ಇರಲೇಬೇಕು. ಮದುಮಗಳು ಹೊಸ್ತಿಲನ್ನು ದಾಟಿ ಒಳಗೆ ಬರುವ ವೇಳೆಗೆ ನಾದಿನಿಯರು ಬಾಗಿಲಿಗೆ ಅಡ್ಡವಾಗಿ ನಿಲ್ಲುತ್ತಾರೆ. ಗಂಡನ ಹೆಸರನ್ನು ಹೇಳಿದ ಹೊರತು ದಾರಿ ಬಿಡುವುದಿಲ್ಲವೆನ್ನುತ್ತಾರೆ. ಹೇಳುವುದಾದರೂ ಹೇಗೆ? ಹಿರಿಯರು ಕುಳಿತಿರುವಲ್ಲಿ ಗಂಡನ ಹೆಸರನ್ನು ಬರಿದಾಗಿ ಉಚ್ಚರಿಸುವುದು ಆ ಸೀಮೆಯ ಹೆಣ್ಣುಮಕ್ಕಳ ಹಳೆಯ ವಾಡಿಕೆಯಲ್ಲ. ಆದುದರಿಂದ ಅವಳು ಎಲ್ಲಿಂದಲೋ ಮಾತು ತೆಗೆಯುತ್ತಾಳೆ. ಮೊದಲು ಹೊಲದ ಬದುವಿನ ಮಾತು, ಬಳಿಕ ಗುಡಿಯ ಮುಂದಣ ದೀಪದ ಮಾತು, ಅದಕ್ಕೆ ಪ್ರಾಸ ಕೂಡಿಸಿ ಬೆಳ್ಳಿಯ ಬಟ್ಟಲಿನ ಮಾತು. ಇವಕ್ಕೆ ಒಂದಕ್ಕೊಂದು ಏನು ಸಂಬಂಧವೆಂದು ಕೇಳುವವರು ಯೋಚಿಸುತ್ತಿರುವಾಗಲೇ ಕೊನೆಯ ಮಾತಿಗೆ ಆ ಹೆಸರು ಥಟ್ಟನೆ ಬಂದು ಬೀಳುತ್ತದೆ. ನೆರೆದವರು ನಗುತ್ತಾರೆ, ಹೆಸರಿನವನು ತಲೆ ತಗ್ಗಿಸುತ್ತಾನೆ. ಕುಬಸದ ದಿನವೂ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೂ ಇದೇ ಆಟ. ಮರಾಠಿಯವರು ಇದನ್ನು ಉಖಾಣಾ ಎನ್ನುತ್ತಾರೆ. ಕನ್ನಡದಲ್ಲಿ ಒಡಪು ಎಂಬ ಶಬ್ದಕ್ಕೆ ಒಗಟು ಎಂಬ ಅರ್ಥವೂ ಉಂಟು.

ಆದರೆ ಇದು ವಿಚಿತ್ರವಾದ ಒಗಟು. ಬೇರೆ ಒಗಟುಗಳಲ್ಲಿ ಉತ್ತರವು ಕೇಳುವವರಿಗೆ ತಿಳಿದಿರುವುದಿಲ್ಲ. ಇಲ್ಲಿ ಊರಿಗೆಲ್ಲ ತಿಳಿದ ಹೆಸರೇ ಉತ್ತರ. ಆದರೂ ಅದು ಬಂದು ಬಿದ್ದ ಕ್ಷಣದಲ್ಲಿ ಒಂದು ಬೆರಗು ಹುಟ್ಟುತ್ತದೆ. ಹೆಸರು ಹೊಸದಲ್ಲ, ಅದು ಬಂದ ದಾರಿ ಹೊಸದು. ದಂಪತಿಗಳು ನಿತ್ಯವೂ ಒಬ್ಬರನ್ನೊಬ್ಬರು ನೋಡುವವರು. ಒಬ್ಬರಲ್ಲಿ ಒಬ್ಬರಿಗೆ ತಿಳಿಯದುದು ಬಹಳವೇನೂ ಉಳಿದಿರುವುದಿಲ್ಲ. ಅಂಥವರ ನಡುವೆ ಬೆರಗೆಂಬುದು ಹೇಗೆ ಹುಟ್ಟೀತೆಂಬ ಪ್ರಶ್ನೆಗೆ ಒಡಪು ಒಂದು ಉತ್ತರವನ್ನು ಹೇಳಿಕೊಡುತ್ತದೆ.

ಮದುವೆಯ ಉಳಿದ ಆಟಗಳಲ್ಲಿಯೂ ಇದೇ ಬುದ್ಧಿಯಿದೆ. ಹೂವಿನ ಚೆಂಡನ್ನು ಒಬ್ಬರ ಮೇಲೊಬ್ಬರು ಎಸೆಯುವುದು, ಭೂಮದ ಊಟದಲ್ಲಿ ಒಬ್ಬರಿಗೊಬ್ಬರು ತುತ್ತು ನೀಡುವುದು, ನೀಡುವಂತೆ ಮಾಡಿ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದು, ಅರಿಸಿನದ ನೀರು ತುಂಬಿದ ಪಾತ್ರೆಯಲ್ಲಿ ಉಂಗುರವನ್ನು ಹಾಕಿ ವಧೂವರರು ಒಂದೇ ಸಲಕ್ಕೆ ಕೈಯಿಟ್ಟು ಹುಡುಕುವುದು. ಹಿಂದೆ ಮದುವೆಯ ದಿನದವರೆಗೂ ಸರಿಯಾಗಿ ಮುಖ ನೋಡದಿದ್ದ ಇಬ್ಬರಿಗೆ ಮಾತಿಗಿಂತ ಮೊದಲು ಕೈಗೆ ಕೈ ಪರಿಚಯವಾಗಲೆಂದು ಹಿರಿಯರು ಇದನ್ನು ಏರ್ಪಡಿಸಿದರೆಂದು ತೋರುತ್ತದೆ. ತನಗೆ ಸಿಕ್ಕ ಉಂಗುರವನ್ನು ನೀರಿನೊಳಗೇ ಮದುಮಗಳ ಬೆರಳಿಗೆ ಜಾರಿಸಿ, ತಾನು ಸೋತವನಂತೆ ಬರಿಗೈಯನ್ನು ಮೇಲೆತ್ತುವ ವರನೂ ಉಂಟು. ಸುತ್ತಲಿನವರು ಹೆಣ್ಣು ಗೆದ್ದಿತೆಂದು ಕೂಗುತ್ತಾರೆ. ಗೆದ್ದವರು ಯಾರೆಂಬುದು ಇಬ್ಬರಿಗೆ ಮಾತ್ರ ಗೊತ್ತು. ಆ ದಂಪತಿಗಳ ಮೊದಲ ಗುಟ್ಟು ಅದು.

ಹಂದರವನ್ನು ಬಿಚ್ಚಿದ ಮೇಲೆ ಈ ಆಟ ಎಲ್ಲಿ ಹೋಗುತ್ತದೆ? ಬೆಳಗಾದರೆ ದನಗಳ ಕೊಟ್ಟಿಗೆ, ಮಧ್ಯಾಹ್ನ ಹೊಲ, ಸಂಜೆಗೆ ಒಲೆ. ಗಂಡನು ‘ನಮ್ಮಾಕಿ’ ಎನ್ನುತ್ತಾನೆ, ಹೆಂಡತಿ ‘ನಮ್ಮ ಮನಿಯವರು’ ಎನ್ನುತ್ತಾಳೆ. ಎರಡೂ ಅಕ್ಕರೆಯ ಮಾತುಗಳೇ. ಆದರೆ ಇಪ್ಪತ್ತು ವರ್ಷ ಬಳಸಿದ ಮೇಲೆ ಅವು ಸವೆದ ನಾಣ್ಯದಂತಾಗುತ್ತವೆ. ಮಾತೆಂದರೆ ಮಳೆಯ ಮಾತು, ಬೀಜ ಗೊಬ್ಬರಗಳ ಮಾತು, ಮಕ್ಕಳ ಶಾಲೆಯ ಮಾತು. ಇವು ಬೇಡವೆಂದಲ್ಲ. ಇವಿಷ್ಟೇ ಉಳಿದರೆ ಮನೆಯು ಮನೆಯಾಗಿರದೆ ಲೆಕ್ಕದ ಪುಸ್ತಕವಾಗುತ್ತದೆ.

ವಿರಕ್ತಿಯ ಮಾತನ್ನಾಡಿದ ಶರಣರ ಮಾರ್ಗದಲ್ಲಿ ಗಂಡಹೆಂಡಿರ ವಿನೋದಕ್ಕೆ ಎಡೆಯೆಲ್ಲಿ, ಇದು ಲೌಕಿಕವಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿದೆ. ಶರಣರು ಮನೆಯನ್ನು ಬಿಟ್ಟು ಹೋಗೆಂದು ಎಲ್ಲರಿಗೂ ಬೋಧಿಸಿದವರಲ್ಲ. ಕಲ್ಯಾಣದ ಶರಣಸಮೂಹದಲ್ಲಿ ದಂಪತಿಗಳೇ ಬಹುಮಂದಿ. ಸತಿಯ ಭಕ್ತಿಯೂ ಪತಿಯ ಭಕ್ತಿಯೂ ಕೂಡಿದಾಗಲೇ ಶಿವನಿಗೆ ಹಿತವೆಂಬುದು ಅವರ ನಂಬುಗೆ. ಕೂಡಬೇಕಾದರೆ ಇಬ್ಬರಿಗೂ ಒಬ್ಬರಲ್ಲೊಬ್ಬರಿಗೆ ಲಕ್ಷ್ಯವಿರಬೇಕು. ಇನ್ನು ವಿನೋದವೆಂಬುದು ಹಗುರಾದ ವಸ್ತುವೆಂದು ತಿಳಿಯುವುದೂ ತಕ್ಕುದಲ್ಲ. ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ನರ್ಮವೆಂಬುದಕ್ಕೆ ಲಕ್ಷಣವನ್ನು ಹೇಳಿದ್ದಾನೆ. ಜಾಣತನದ ಆಟವೂ ಆಗಿರಬೇಕು, ಪ್ರಿಯರ ಮನಸ್ಸನ್ನು ಒಲಿಸುವಂಥದೂ ಆಗಿರಬೇಕೆಂಬುದು ಅದರ ತಾತ್ಪರ್ಯ. ಜಾಣತನ ಮಾತ್ರವಿದ್ದು ಒಲಿಸುವಿಕೆ ಇಲ್ಲದಿದ್ದರೆ ಅದು ಕುಚೋದ್ಯವಾಗುತ್ತದೆ. ನಾಲ್ಕು ಜನರ ಮುಂದೆ ಹೆಂಡತಿಯ ತವರನ್ನು ಹಳಿದು ನಗಿಸುವವನು, ಗಂಡನ ಗಳಿಕೆಯನ್ನು ಎತ್ತಿ ಆಡಿ ನಗಿಸುವವಳು, ಇವರು ತಮಾಷೆಗೆಂದು ಹೇಳಿದೆವೆಂದರೂ ಅದು ನರ್ಮದ ಲೆಕ್ಕಕ್ಕೆ ಬಾರದು.

ಪರೀಕ್ಷೆಯನ್ನೂ ಆಟದಿಂದ ಬೇರ್ಪಡಿಸಿ ನೋಡಬೇಕು. ತಮಿಳುನಾಡಿನಲ್ಲಿ ತಿರುವಳ್ಳುವರನ ಮಡದಿ ವಾಸುಕಿಯ ಕಥೆಯೊಂದು ಪ್ರಸಿದ್ಧವಾಗಿದೆ. ಗೃಹಸ್ಥಾಶ್ರಮ ಮೇಲೋ ಸಂನ್ಯಾಸ ಮೇಲೋ ಎಂದು ಕೇಳಬಂದ ಅತಿಥಿಯ ಎದುರಿಗೆ ಪತಿಯು ತಣ್ಣನೆಯ ಅನ್ನವನ್ನು ಸುಡುತ್ತಿದೆಯೆಂದರೆ ಅವಳು ಮರುಮಾತಿಲ್ಲದೆ ಬೀಸಣಿಗೆಯಿಂದ ಗಾಳಿ ಹಾಕಿದಳು. ಹಾಡುಹಗಲಿನಲ್ಲಿ ದೀಪ ತರಹೇಳಿದರೆ ತಂದಳು. ಅತಿಥಿಗೆ ಉತ್ತರ ಸಿಕ್ಕಿತು. ವಿಧೇಯತೆಯ ಕಥೆಯಾಗಿ ಇದು ಹಿರಿದೇ ಇರಬಹುದು. ಆದರೆ ಆಟದಲ್ಲಿ ಇಬ್ಬರಿಗೂ ಪಾಲಿರಬೇಕು. ಇಲ್ಲಿ ಗುಟ್ಟು ಬಲ್ಲವನು ಒಬ್ಬನೇ. ಕಥೆಯನ್ನು ಹೇಳುವವರಾರೂ ವಾಸುಕಿಯು ನಕ್ಕಳೆಂದು ಹೇಳುವುದಿಲ್ಲ.

ಇದಕ್ಕೆ ಹೋಲಿಸಿದರೆ ಕನ್ನಡನಾಡಿನ ನೇಕಾರ ದಂಪತಿಗಳ ಕಥೆಯು ರುಚಿಕರವಾಗಿದೆ. ಸುರಪುರದ ಕಡೆಯ ಮುದನೂರಿನ ದಾಸಿಮಯ್ಯನು ಕನ್ಯೆಯನ್ನು ಅರಸುತ್ತ ಹೊರಟಾಗ ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಹಿಡಿದುಕೊಂಡು ಹೋದನೆಂದು ಕಥೆ. ನೀರನ್ನೂ ಸೌದೆಯನ್ನೂ ಬಳಸದೆ ಪಾಯಸವನ್ನು ಮಾಡಬಲ್ಲವಳನ್ನೇ ವರಿಸುವೆನೆಂಬುದು ಅವನ ಪಣ. ದುಗ್ಗಳೆಯು ಕಬ್ಬನ್ನು ಹಿಂಡಿ ಹಾಲು ತೆಗೆದಳು. ಆ ಹಾಲಿನಲ್ಲಿಯೇ ಅಕ್ಕಿಯನ್ನು ಗಾಳಿಸಿ ಮರಳನ್ನು ಬೇರ್ಪಡಿಸಿದಳು. ಹಿಂಡಿದ ಸಿಪ್ಪೆಯನ್ನು ಒಣಗಿಸಿ ಒಲೆಗಿಟ್ಟು ಪಾಯಸವನ್ನು ಬೇಯಿಸಿದಳು. ಇದೂ ಪರೀಕ್ಷೆಯೇ ಅಲ್ಲವೆ ಎಂದರೆ, ಹೌದು. ಆದರೆ ಪರೀಕ್ಷೆಯನ್ನು ಒಡ್ಡಿದವನೇ ಕೊನೆಗೆ ಬೆರಗಾಗಿ ಉಣ್ಣುತ್ತ ಕುಳಿತನು. ಒಗಟು ಅವನದು, ಬಿಡಿಸಿದ ಜಾಣ್ಮೆ ಅವಳದು, ಪಾಯಸ ಇಬ್ಬರದೂ.

ಈ ವಿಷಯದಲ್ಲಿ ತಾವರಗೇರಾದ ಜನಕ್ಕೆ ಇನ್ನೂ ಸಮೀಪದವರು ಬೇರೆ ಇಬ್ಬರಿದ್ದಾರೆ. ಊರಿನಿಂದ ಮುದಗಲ್ಲಿನ ದಾರಿಯನ್ನು ಹಿಡಿದರೆ ಲಿಂಗಸುಗೂರು ತಾಲ್ಲೂಕು. ಅಲ್ಲಿಯ ಅಮರೇಶ್ವರವೇ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಊರು. 1997ರಲ್ಲಿ ಕೊಪ್ಪಳ ಜಿಲ್ಲೆಯು ಬೇರೆಯಾಗುವವರೆಗೆ ಈ ಎರಡೂ ಊರುಗಳು ಒಂದೇ ರಾಯಚೂರು ಜಿಲ್ಲೆಯಲ್ಲಿದ್ದವು. ಹನ್ನೆರಡನೆಯ ಶತಮಾನದಲ್ಲಿ ಈ ದಂಪತಿಗಳು ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ನೀಡಿ ಉಣ್ಣುವುದು ಇಬ್ಬರ ವ್ರತ. ಇಂದು ಊರೂರ ಗೋಡೆಗಳ ಮೇಲೆ ಬರೆದಿರುವ ಕಾಯಕದ ನುಡಿಯು ಈ ಮಾರಯ್ಯನ ವಚನದಲ್ಲಿ ಬಂದದ್ದು. ಅದು ಬಸವಣ್ಣನವರದೆಂದು ತಿಳಿದವರೇ ಹೆಚ್ಚು.

ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲಿತವಾಗಿ ಮುಂದೆ ಬೆಳೆದ ಶೂನ್ಯಸಂಪಾದನೆಯಲ್ಲಿ ಇವರಿಬ್ಬರ ಪ್ರಸಂಗವು ವಿಸ್ತಾರವಾಗಿ ಬಂದಿದೆ. ಅಲ್ಲಿಯ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೂ ಸಲ್ಲುವುದೆಂದು ವಾದಿಸಿದವನು ಮಾರಯ್ಯ. ಅದೇ ಮಾರಯ್ಯನು ಅಲ್ಲಮಪ್ರಭುವಿನ ಮಾತನ್ನು ಕೇಳುತ್ತ ಕುಳಿತು ಕಾಯಕವನ್ನೇ ಮರೆತುಬಿಟ್ಟನು! ಹೊತ್ತು ಏರಿತು. ಲಕ್ಕಮ್ಮನು ಬಂದು, ಕಾಯಕ ನಿಂತುಹೋಗಿದೆ, ಏಳಬೇಕೆಂದು ಒಡೆಯನಿಗೆ ನೆನಪು ಮಾಡಿಕೊಟ್ಟಳು. ಗಂಡನ ಮಾತನ್ನೇ ಗಂಡನಿಗೆ ಹಿಂದಿರುಗಿಸಿದ ಈ ಪರಿಯಲ್ಲಿ ಗದರಿಕೆಯಿಲ್ಲ. ಅವನ ನುಡಿಯನ್ನು ಅವನಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡವಳ ಮುಖದಲ್ಲಿ ಕಿರುನಗೆಯೊಂದು ಇತ್ತೆಂದು ಭಾವಿಸಿದರೆ ಶಾಸ್ತ್ರಕ್ಕೆ ಬಾಧೆಯಿಲ್ಲ.

ಮಾರಯ್ಯನು ಆತುರದಿಂದ ಹೋಗಿ ಅಂದು ನಿತ್ಯಕ್ಕಿಂತ ಹೆಚ್ಚಾದ ಅಕ್ಕಿಯನ್ನು ತಂದನು. ತಡವಾದುದಕ್ಕೆ ಹೆಚ್ಚು ತಂದರೆ ಮಡದಿಯು ಹಿಗ್ಗುವಳೆಂದು ಎಣಿಸಿದನೋ ಏನೋ. ಎಷ್ಟೋ ಮನೆಗಳಲ್ಲಿ ತಡವಾಗಿ ಬಂದ ಗಂಡಂದಿರು ಇಂದಿಗೂ ಹೀಗೆಯೇ ಎಣಿಸುತ್ತಾರೆ. ಲಕ್ಕಮ್ಮನು ನೋಡಿದೊಡನೆಯೇ ಕಂಡುಕೊಂಡಳು. ನಿತ್ಯವೂ ಅವನ ಉಡಿಯಿಂದ ಅಕ್ಕಿಯನ್ನು ತೆಗೆದುಕೊಂಡ ಕೈಗೆ ಅಳತೆಯ ಮಾನ ಬೇಕೆ? ಆಸೆಯೆಂಬುದು ಅರಮನೆಯವರಿಗೆ ಒಪ್ಪುವ ವಸ್ತು, ಇದು ನಿಮ್ಮ ಮನಸ್ಸಿನ ಕೆಲಸವೋ ಬಸವಣ್ಣನವರ ಸಂದೇಹದ ಕೆಲಸವೋ ಎಂಬ ಧಾಟಿಯಲ್ಲಿ ಕೇಳಿದಳು. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದಳು. ಅವನು ಹಾಗೆಯೇ ಮಾಡಿದನು. ಕೋಪವಿಲ್ಲ, ಮಾತಿಗೆ ಮಾತಿಲ್ಲ.

ಮುಂದಿನ ಕಥೆಯು ಜನರ ಬಾಯಲ್ಲಿ ಹರಿದು ಬಂದಿದೆ. ಅದೇ ಲಕ್ಕಮ್ಮನು ಬಸವಣ್ಣನವರನ್ನೂ 1,96,000 ಜಂಗಮರನ್ನೂ ತನ್ನ ಮನೆಯ ಊಟಕ್ಕೆ ಕರೆಯಿಸಿದಳು. ಹಿಡಿ ಅಕ್ಕಿ ಹೆಚ್ಚಾದುದಕ್ಕೆ ಹಿಂದಕ್ಕೆ ಕಳುಹಿಸಿದವಳು ಈಗ ಊರಿಗೆಲ್ಲ ಎಡೆ ಹಾಕಹೊರಟಿದ್ದಾಳೆ! ಮಾರಯ್ಯನಿಗೆ ಏನೆನ್ನಿಸಿರಬೇಕು? ಮಡಕೆಯಲ್ಲಿರುವುದು ಎಷ್ಟೆಂದು ಅವನಿಗೆ ಗೊತ್ತು, ತಂದವನೇ ಅವನು. ಆದರೂ ಕರೆಯಲು ಹೋದನು. ಎಲ್ಲರೂ ಬಂದರು, ಎಲ್ಲರೂ ಉಂಡರು, ಅನ್ನವು ತೀರಲಿಲ್ಲವೆಂಬುದು ಕಥೆ. ಪವಾಡದ ಮಾತನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ದಾಂಪತ್ಯದ ದೃಷ್ಟಿಯಿಂದ ನೋಡುವವರಿಗೆ ಬೇರೊಂದು ಕಾಣುತ್ತದೆ. ಅವನು ಹೆಚ್ಚು ತಂದು ಮಡದಿಯನ್ನು ಸಂತೋಷಪಡಿಸಹೋದನು. ಅದು ಅವರ ಮನೆಯದಲ್ಲದ ಅಕ್ಕಿ, ಆದುದರಿಂದ ಫಲಿಸಲಿಲ್ಲ. ಅವಳು ಅವನು ದಿನವೂ ತರುತ್ತಿದ್ದ ಅಷ್ಟೇ ಅಕ್ಕಿಯಿಂದ ಅವನನ್ನು ಬೆರಗುಗೊಳಿಸಿದಳು. ನೀನು ತರುವುದು ಅಲ್ಪವೆಂದು ಕುಗ್ಗಿದವನಿಗೆ, ನೀನು ತರುವುದು ಎಷ್ಟೆಂದು ನೋಡೆಂದು ಎಡೆ ಹಾಕಿ ತೋರಿಸಿದಂತಾಯಿತು.

ಈಗ ಒಡಪಿನ ಕಡೆಗೆ ಬರಬಹುದು. ಲಕ್ಕಮ್ಮನ 25 ವಚನಗಳು ದೊರೆತಿವೆ. ಅವಳ ಅಂಕಿತವು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ದುಗ್ಗಳೆಯ ಅಂಕಿತವು ‘ದಾಸಯ್ಯಪ್ರಿಯ ರಾಮನಾಥ’. ಹಡಪದ ಅಪ್ಪಣ್ಣನ ಮಡದಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚನ್ನಬಸವಣ್ಣ’. ಹೊಸ್ತಿಲಲ್ಲಿ ನಿಂತ ಮದುಮಗಳು ಹತ್ತು ಮಾತುಗಳನ್ನಾಡಿ ಕೊನೆಗೆ ಗಂಡನ ಹೆಸರನ್ನು ಹೇಳುವಂತೆ, ಈ ಶರಣೆಯರು ಕಾಯಕ, ಭಕ್ತಿ, ಅರಿವು ಇತ್ಯಾದಿ ವಿಷಯಗಳನ್ನೆಲ್ಲ ನುಡಿದು ವಚನದ ಕೊನೆಗೆ ಗಂಡನ ಹೆಸರನ್ನು ತಂದಿಡುತ್ತಾರೆ. ಒಡಪಿನಿಂದ ಅಂಕಿತ ಹುಟ್ಟಿತೆಂದಾಗಲಿ ಅಂಕಿತದಿಂದ ಒಡಪು ಹುಟ್ಟಿತೆಂದಾಗಲಿ ಹೇಳಿದರೆ ಅದು ಅತಿವ್ಯಾಪ್ತಿಯಾದೀತು. ಸ್ಥಾನವೊಂದೇ ಎಂಬಷ್ಟನ್ನು ನೋಡಿದರೆ ಸಾಕು. ಮೋಳಿಗೆಯ ಮಹಾದೇವಿಯದು ಇನ್ನೂ ಸೊಗಸು. ಪತಿಯ ಅಂಕಿತವು ‘ನಿಃಕಳಂಕ ಮಲ್ಲಿಕಾರ್ಜುನ’. ಅವಳದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಅವಳು ಹೆಸರನ್ನು ಎತ್ತುವುದಿಲ್ಲ. ಇಂದಿನ ‘ನಮ್ಮ ಮನಿಯವರು’ ಎಂಬಂತೆ ‘ಎನ್ನಯ್ಯ’ ಎನ್ನುತ್ತಾಳೆ. ಆದರೆ ಅವನ ದೇವರನ್ನು ಇಮ್ಮಡಿ ಮಾಡಿಬಿಡುತ್ತಾಳೆ.

ಪ್ರಿಯ ಎಂಬ ಶಬ್ದದಲ್ಲಿಯೂ ಒಂದು ಚೇಷ್ಟೆಯಿದೆ. ಮಾರಯ್ಯಪ್ರಿಯ ಎಂಬುದನ್ನು ತತ್ಪುರುಷವಾಗಿ ಬಿಡಿಸಿದರೆ ಮಾರಯ್ಯನಿಗೆ ಪ್ರಿಯನಾದ ದೇವರೆಂದಾಗುತ್ತದೆ. ಬಹುವ್ರೀಹಿಯಾಗಿ ಬಿಡಿಸಿದರೆ ಮಾರಯ್ಯನು ಯಾವನಿಗೆ ಪ್ರಿಯನೋ ಆ ದೇವರೆಂದಾಗುತ್ತದೆ. ಬಹುವ್ರೀಹಿಯಲ್ಲಿ ಪ್ರಿಯಶಬ್ದವು ಮುಂದೆ ಬಂದರೂ ಹಿಂದೆ ಬಂದರೂ ಸಲ್ಲುವುದೆಂದು ವೈಯಾಕರಣರು ಒಪ್ಪಿ, ಬೆಲ್ಲವನ್ನು ಇಷ್ಟಪಡುವವನಿಗೆ ಗುಡಪ್ರಿಯ, ಪ್ರಿಯಗುಡ ಎಂಬ ಎರಡು ರೂಪಗಳನ್ನೂ ಉದಾಹರಿಸುತ್ತಾರೆ. ಲಕ್ಕಮ್ಮನ ಮನಸ್ಸಿನಲ್ಲಿದ್ದುದು ಯಾವ ಸಮಾಸ? ಮಾರಯ್ಯನು ಪ್ರಿಯನಾದದ್ದು ದೇವರಿಗೋ, ಹೆಸರನ್ನು ಹೇಳಿದವಳಿಗೋ? 25 ಸಲ ಹೇಳಿದರೂ ಅವಳು ಗುಟ್ಟನ್ನು ಬಿಟ್ಟುಕೊಡಲಿಲ್ಲ.

ವೈಯಾಕರಣರ ಗುಡಪ್ರಿಯನನ್ನು ನೋಡಬೇಕೆನ್ನುವವರು ಕುಷ್ಟಗಿ ತಾಲ್ಲೂಕಿನ ಹೊಲಗಳಿಗೆ ಮಧ್ಯಾಹ್ನದ ಹೊತ್ತಿಗೆ ಹೋಗಬೇಕು. ಹೆಂಡತಿಯು ಬುತ್ತಿಯನ್ನು ತಂದು ಬೇವಿನ ಗಿಡದ ನೆರಳಲ್ಲಿ ಇಳುಹಿದ್ದಾಳೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಚಟ್ನಿ. ನಿನ್ನೆಯೂ ಇದೇ, ಮೊನ್ನೆಯೂ ಇದೇ. ಕೆಳಗಿನ ರೊಟ್ಟಿಯ ಮಡಿಕೆಯನ್ನು ಬಿಚ್ಚಿದರೆ ಅದರೊಳಗೆ ಬೆಲ್ಲದ ತುಂಡೊಂದು ಕುಳಿತಿದೆ. ಅವನು ಏನೂ ಹೇಳುವುದಿಲ್ಲ, ಅವಳೂ ಬೇರೆ ಕಡೆಗೆ ನೋಡುತ್ತಾಳೆ. ಬೆಲೆಗೆ ಅದು ಲೆಕ್ಕಕ್ಕಿಲ್ಲದ ವಸ್ತು. ಆದರೆ ಬೆಳಗಿನ ನೂರು ಕೆಲಸಗಳ ನಡುವೆ, ಅವನು ಬೆಲ್ಲವನ್ನು ಮೆಚ್ಚುವನೆಂಬುದು ಒಬ್ಬರಿಗೆ ನೆನಪಾಗಿತ್ತು. ಮರುದಿನ ಅವನು ಹೊತ್ತಿಗೆ ಮೊದಲೇ ಎದ್ದು ಅವಳು ಏಳುವಷ್ಟರಲ್ಲಿ ಎರಡು ಕೊಡ ನೀರು ತಂದಿಟ್ಟಿದ್ದರೆ ಅದೂ ಒಂದು ಒಡಪೇ.

ಗುಟ್ಟಿಗೆ ಇನ್ನೊಂದು ಮುಖವಿದೆ. ಅದನ್ನು ಹೇಳದಿದ್ದರೆ ಈ ವಿಷಯವು ಅರ್ಧವಾಗುತ್ತದೆ. ಮಳೆಯನ್ನೇ ನಂಬಿದ ಈ ಭೂಮಿಯಲ್ಲಿ ಸಾಲವಿಲ್ಲದ ಒಕ್ಕಲುತನ ಅಪರೂಪ. ಗಂಡನು ಮಾಡಿದ ಸಾಲವು ಹೆಂಡತಿಗೆ ತಿಳಿಯುವುದು ಕೊಟ್ಟವನು ಅಂಗಳಕ್ಕೆ ಬಂದು ನಿಂತ ದಿನ. ಹೆಂಡತಿಯು ಸಂಘದಲ್ಲಿ ಎತ್ತಿದ ಸಾಲವು ಗಂಡನಿಗೆ ತಿಳಿಯುವುದು ಕಂತು ತಪ್ಪಿದ ವಾರ. ಇಳಕಲ್ಲಿನಿಂದ ಸೀರೆ ತಂದು ಸೆರಗನ್ನು ಹರವಿ ತೋರಿಸಿ ಬೆರಗುಗೊಳಿಸಿದವನು ಅದರ ಹಣವೆಲ್ಲಿಯದೆಂಬುದನ್ನು ಮರೆಮಾಡಿದ್ದರೆ ಆ ಸೀರೆಯು ಉಟ್ಟವಳಿಗೆ ಮುಳ್ಳಾಗುತ್ತದೆ. ಇವೂ ಆಶ್ಚರ್ಯಗಳೇ, ಇವೂ ಬಚ್ಚಿಟ್ಟವೇ. ಭೇದವೆಲ್ಲಿ? ಬೆಲ್ಲವನ್ನು ಬಚ್ಚಿಟ್ಟವಳು ಅವನು ಬೇಗ ಕಂಡುಕೊಳ್ಳಲೆಂದು ಬಚ್ಚಿಡುತ್ತಾಳೆ. ಸಾಲವನ್ನು ಬಚ್ಚಿಟ್ಟವನು ಅವಳು ಎಂದಿಗೂ ಕಾಣದಿರಲೆಂದು ಬಚ್ಚಿಡುತ್ತಾನೆ. ಅಭಿಮಾನದಿಂದಲೋ ಹೆದರಿಕೆಯಿಂದಲೋ ಒಬ್ಬನೇ ಹೊತ್ತ ಆ ಭಾರದ ಕೆಳಗೆ ಮುರಿದುಹೋದ ಮನೆಗಳು ಈ ನಾಡಿನಲ್ಲಿ ಒಂದೆರಡಲ್ಲ. ಉಡಿಯಲ್ಲಿ ಹೆಚ್ಚಾದ ಅಕ್ಕಿಯನ್ನು ಲಕ್ಕಮ್ಮನು ನೋಡಿದೊಡನೆ ಕಂಡುಕೊಂಡಳೆಂದರೆ ಮಾರಯ್ಯನು ಉಡಿಯನ್ನು ಅವಳ ಮುಂದೆಯೇ ಬಿಚ್ಚುತ್ತಿದ್ದನೆಂದು ಅರ್ಥ.

ಗುಳೆ ಹೋಗುವ ಮನೆಗಳ ಮಾತು ಬೇರೆ. ಬಿತ್ತನೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕೆಲವೆಡೆ ಇಬ್ಬರೂ ಮಕ್ಕಳನ್ನು ಅಜ್ಜಿಯ ಕೈಗೊಪ್ಪಿಸಿ ಹೋಗುತ್ತಾರೆ. ಅಗಲಿದ್ದವರ ನಡುವೆ ಈಗ ಮೊಬೈಲು ಒಂದೇ ಬುತ್ತಿ. ಹಣ ಬಂತೇ, ಹಾಕಿದೆನು ಎಂಬಷ್ಟರಲ್ಲಿ ಮಾತು ಮುಗಿಯುವುದುಂಟು. ಅದೇ ಯಂತ್ರದಲ್ಲಿ ಹೊಸದಾಗಿ ಕಟ್ಟಿದ ಒಡಪೊಂದನ್ನು ಹೇಳಿ ಕಳುಹಿಸಿದರೆ, ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗಿದವನು ತನ್ನ ಹೆಸರನ್ನು ಅವಳ ದನಿಯಲ್ಲಿ ಎರಡು ಸಲ ಕೇಳಬಹುದು.

ಹೆಂಗಸರು ಗಂಡನ ಹೆಸರನ್ನು ಇಷ್ಟು ಬಗೆಯಾಗಿ ಹೇಳುತ್ತಾರೆ, ಗಂಡಸರೇನು ಮಾಡುತ್ತಾರೆ? ಮಾರಯ್ಯನ ಅಂಕಿತವು ‘ಅಮರೇಶ್ವರಲಿಂಗ’ ಎಂದಷ್ಟೇ; ಅದರಲ್ಲಿ ಲಕ್ಕಮ್ಮನಿಲ್ಲ. ಅಪ್ಪಣ್ಣನ ಅಂಕಿತದಲ್ಲಿ ಬಸವಣ್ಣನಿದ್ದಾನೆ, ಲಿಂಗಮ್ಮನಿಲ್ಲ. ಕುಬಸದ ದಿನ ಹೆಂಗಸರು ಬಸುರಿಯಿಂದ ಒಡಪು ಹೇಳಿಸಿದ ಮೇಲೆ, ಈಗ ನೀವು ಹೇಳ್ರಿ ಎಂದು ಗಂಡನ ಕಡೆಗೆ ತಿರುಗಿದರೆ ಅವನು ಹೆಗಲ ಮೇಲಿನ ವಲ್ಲಿಯನ್ನು ಕೊಡವಿಕೊಂಡು, ಹೊರಗೆ ಯಾರೋ ಕರೆದರೆಂದು ಹೊರಟುಬಿಡುತ್ತಾನೆ. ಅಂಥವನಿಗೆ ಹೇಳಿಕೊಡಲು ಒಬ್ಬ ಗುರುವಿದ್ದಾನೆ. ದಾಸಿಮಯ್ಯನ ವಚನವೊಂದುಂಟು. ಅದರಲ್ಲಿ ಮೊದಲು ಹೆಸರಿಲ್ಲ. ದೊರೆತುದನ್ನು ಅರಿತು ಬಳಸುವ, ಬಂದುದರಲ್ಲಿಯೇ ನೆಮ್ಮದಿಯನ್ನು ಕಾಣುವ ಒಬ್ಬ ಹೆಣ್ಣುಮಗಳ ಗುಣಗಳು ಒಂದಾದ ಮೇಲೊಂದು ಬರುತ್ತವೆ. ಯಾರ ಮಾತೆಂದು ಕೇಳುವವನು ಕಾದಿರುತ್ತಾನೆ. ಕೊನೆಯ ಸಾಲಿನಲ್ಲಿ, ರಾಮನಾಥನ ಹೆಸರಿಗೆ ಸ್ವಲ್ಪ ಮೊದಲು, ಅವಳನ್ನು ಮನೆಗೆ ತಂದುದರಿಂದಲೇ ತಾನು ಉಳಿದೆನೆಂದು ಹೇಳುವಾಗ, ನೇಕಾರನು ದುಗ್ಗಳೆಯ ಹೆಸರನ್ನು ಹೇಳುತ್ತಾನೆ.